ಹೊಟ್ಟೆನೋವೆಂದು ಮುಚ್ಚಿದ ಕಡತಗಳು

ಪತ್ರಿಕೆಗಳ ಒಳಪುಟದಲ್ಲಿ ನಾಲ್ಕು ಸಾಲಿನ ಒಂದು ಸುದ್ದಿ ಎಷ್ಟೋ ವರ್ಷಗಳಿಂದ ಒಂದೇ ರೀತಿ ಅಚ್ಚಾಗುತ್ತ ಬಂದಿದೆ. ಊರಿನ ಹೆಸರು ಬದಲಾಗುತ್ತದೆ, ಹೆಣ್ಣುಮಗಳ ಹೆಸರು ಬದಲಾಗುತ್ತದೆ, ಸುದ್ದಿ ಬದಲಾಗುವುದಿಲ್ಲ. 'ಹೊಟ್ಟೆನೋವಿನ ಬಾಧೆ ತಾಳಲಾರದೆ ಗೃಹಿಣಿ ಆತ್ಮಹತ್ಯೆ.' ಇಲ್ಲವೆ 'ಸ್ಟೋವ್ ಸಿಡಿದು ಸಾವು.' ಇಲ್ಲವೆ 'ನೀರು ತರಲು ಹೋದಾಗ ಕಾಲು ಜಾರಿ ಬಾವಿಗೆ ಬಿದ್ದು ಸಾವು.' ಈ ಹೊಟ್ಟೆನೋವು ಮದುವೆಯಾಗಿ ಏಳು ವರ್ಷ ತುಂಬದ ಹೆಣ್ಣುಮಕ್ಕಳನ್ನೇ ಯಾಕೆ ಹುಡುಕಿಕೊಂಡು ಬರುತ್ತದೆ? ಅದೇ ಮನೆಯ ಅತ್ತೆಗೆ, ಮಾವನಿಗೆ, ಗಂಡನಿಗೆ ಯಾಕೆ ಬರುವುದಿಲ್ಲ? ಅದೇ ಸ್ಟೋವಿನ ಮುಂದೆ ಇಪ್ಪತ್ತು ವರ್ಷ ಕೂತು ರೊಟ್ಟಿ ಬಡಿದ ಅತ್ತೆಯ ಸೀರೆಯ ಸೆರಗಿಗೆ ಒಂದು ಕಿಡಿಯೂ ತಾಗದೆ, ಸೊಸೆ ಬಂದ ಎರಡನೇ ವರ್ಷಕ್ಕೇ ಅದು ಸಿಡಿಯುವುದು ಹೇಗೆ?

ನಮ್ಮ ಯಡ್ರಾಮಿ, ಜೇವರ್ಗಿ, ಅಫಜಲಪುರ, ಆಳಂದ ಭಾಗದಲ್ಲಿ ಇಂತಹ ಸಾವುಗಳ ನೆನಪಿಲ್ಲದ ಓಣಿ ಸಿಗುವುದು ಕಷ್ಟ. 'ಆ ಮನಿ ಸೊಸಿ ಸುಟ್ಟುಕೊಂಡು ಸತ್ತಳಲ್ಲ' ಎಂದು ಕಟ್ಟೆಯ ಮೇಲೆ ಮಾತು ಬರುತ್ತದೆ. ನಂತರ ದನಿ ತಗ್ಗುತ್ತದೆ. ಆಮೇಲೆ ಯಾರೋ ಮಾತು ಬದಲಿಸುತ್ತಾರೆ. ಹತ್ತು ವರ್ಷವಾದರೂ, ಇಪ್ಪತ್ತು ವರ್ಷವಾದರೂ ತಗ್ಗಿದ ದನಿ ಏರುವುದಿಲ್ಲ. ತವರುಮನೆಯ ಅವ್ವ ಮಾತ್ರ ನಾಗರ ಪಂಚಮಿ ಬಂದಾಗಲೆಲ್ಲ ಜೋಕಾಲಿಯ ಹಗ್ಗ ನೋಡಿ ಕಣ್ಣೀರು ಒರೆಸಿಕೊಳ್ಳುತ್ತಾಳೆ. ಅವಳ ಎದೆಯಲ್ಲಿ ಒಂದೇ ಪ್ರಶ್ನೆ: ನನ್ನ ಮಗಳು ಸತ್ತದ್ದು ಹೇಗೆ?

ಈ ಪ್ರಶ್ನೆಗೆ ಉತ್ತರ ಕೊಡುತ್ತೇವೆ ಎಂದು ಹೇಳುವವರು ಈಗ ಬಂದಿದ್ದಾರೆ. ಅವರು ಖಾಸಗಿ ಪತ್ತೇದಾರರು. ಟಿ.ವಿ.ಯಲ್ಲಿ, ಮೊಬೈಲಿನಲ್ಲಿ ಪರದೇಶದ ಕಥೆಗಳು ಬರುತ್ತವೆ. ಪೊಲೀಸರು ಕೈಚೆಲ್ಲಿದ ಕೊಲೆ, ಮೂವತ್ತು ವರ್ಷ ಕಣ್ಣೀರಿಟ್ಟ ತಾಯಿ, ಆಮೇಲೆ ಒಬ್ಬ ಪತ್ತೇದಾರ ಬಂದು ಹಳೆಯ ಕಡತ ಬಿಚ್ಚಿ ಕೊಲೆಗಾರನನ್ನು ಹಿಡಿದುಕೊಟ್ಟ. ಇದನ್ನು ನೋಡಿದ ತಾಯಿಗೆ ಆಸೆ ಹುಟ್ಟುವುದು ಸಹಜ. ನಮ್ಮ ತಲೆಮಾರಿನ ಹೆಂಗಸರಿಗೆ ಪತ್ತೇದಾರ ಹೊಸಬನೂ ಅಲ್ಲ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಅಡುಗೆಮನೆಯ ಬಾಗಿಲ ಹಿಂದೆ ಕೂತು ಓದಿದವರು ನಾವು. ಪುಸ್ತಕದ ಕೊನೆಯಲ್ಲಿ ಸತ್ಯ ಹೊರಬರುತ್ತಿತ್ತು, ನೆಮ್ಮದಿಯಿಂದ ನಿದ್ದೆ ಬರುತ್ತಿತ್ತು.

ಆದರೆ ಪುಸ್ತಕ ಬೇರೆ, ಪೊಲೀಸ್ ಠಾಣೆ ಬೇರೆ. ಹೊಲ ಅಡ ಇಟ್ಟು, ಸಂಘದಲ್ಲಿ ಸಾಲ ಎತ್ತಿ, ಪಟ್ಟಣದ ಪತ್ತೇದಾರನ ಕೈಗೆ ಹಣ ಹಾಕುವ ಮುಂಚೆ ನಾವು ಕೂತು ಯೋಚಿಸಬೇಕಾದ ಮಾತು ಸಾಕಷ್ಟಿದೆ. ಸತ್ಯ ಹುಡುಕುವುದನ್ನು ಬಿಡಬೇಕು ಎಂದು ನಾನು ಹೇಳುತ್ತಿಲ್ಲ. ಆ ಕೆಲಸವನ್ನು ಬಾಡಿಗೆಗೆ ಕೊಡುವುದರಿಂದ ನಮಗೆ ಸಿಗುವುದು ಕಡಿಮೆ, ನಾವೇ ಮಾಡಿದರೆ ಸಿಗುವುದು ಹೆಚ್ಚು ಎಂಬುದು ನನ್ನ ವಾದ.

ಪತ್ತೇದಾರನ ಕೈಯಲ್ಲಿ ಏನಿದೆ?

ಮೊದಲು ಇದನ್ನು ತಿಳಿಯೋಣ. ನಮ್ಮ ದೇಶದಲ್ಲಿ ಖಾಸಗಿ ಪತ್ತೇದಾರರಿಗೆಂದೇ ಇರುವ ಕಾನೂನು ಇಲ್ಲ. 2007ರಲ್ಲಿ ಅವರನ್ನು ನಿಯಂತ್ರಿಸುವ ಮಸೂದೆಯೊಂದು ರಾಜ್ಯಸಭೆಗೆ ಬಂದಿತ್ತು. ಅದು ಕಾನೂನಾಗಲೇ ಇಲ್ಲ. ಹಾಗಾಗಿ ಬೋರ್ಡು ಹಾಕಿಕೊಂಡವರೆಲ್ಲ ಪತ್ತೇದಾರರೇ. ಅವರು ಯಾರನ್ನೂ ಬಂಧಿಸುವಂತಿಲ್ಲ, ಯಾರ ಮನೆಯನ್ನೂ ಶೋಧಿಸುವಂತಿಲ್ಲ, ಶವ ತೆಗೆಸುವಂತಿಲ್ಲ, ಯಾರ ಫೋನಿನ ದಾಖಲೆಯನ್ನೂ ತರಿಸುವಂತಿಲ್ಲ. ಅಕ್ರಮವಾಗಿ ಫೋನ್ ದಾಖಲೆ ತರಿಸಿ ಮಾರಿದ ಆರೋಪದ ಮೇಲೆ 2018ರಲ್ಲಿ ಮಹಾರಾಷ್ಟ್ರದ ಠಾಣೆ ನಗರದ ಪೊಲೀಸರು ಹಲವು ಖಾಸಗಿ ಪತ್ತೇದಾರರನ್ನೇ ಬಂಧಿಸಿದ್ದರು. ದುಡ್ಡು ಕೊಟ್ಟು ಅಂತಹ ಕೆಲಸ ಮಾಡಿಸಿದ ತಾಯಿ-ತಂದೆಯೂ ಆ ಬಲೆಗೆ ಬೀಳಬಹುದು.

ಹಾಗಾದರೆ ಅವರಿಂದ ಏನೂ ಆಗುವುದಿಲ್ಲವೆ? ಪ್ರಾಮಾಣಿಕನಾದವನಿಂದ ಕೆಲವು ಕೆಲಸ ಆಗುತ್ತದೆ. ಅಂದು ಪಕ್ಕದ ಮನೆಯಲ್ಲಿದ್ದ ಕುಟುಂಬ ಈಗ ದುಡಿಯಲು ಪುಣೆಗೋ ಮುಂಬಯಿಗೋ ಹೋಗಿದ್ದರೆ ಅವರ ವಿಳಾಸ ಹುಡುಕಬಹುದು. ಗಂಡ ಎರಡನೇ ಲಗ್ನವಾಗಿದ್ದಾನೆಯೇ, ಅಲ್ಲಿಯೂ ಹುಂಡಾ ತೆಗೆದುಕೊಂಡಿದ್ದಾನೆಯೇ ಎಂದು ವಿಚಾರಿಸಬಹುದು. ಆದರೆ ಅವನು ಬರೆದುಕೊಟ್ಟ ವರದಿಯನ್ನೇ ನಂಬಿ ಕೋರ್ಟು ಶಿಕ್ಷೆ ಕೊಡುವುದಿಲ್ಲ. ಅವನು ಹುಡುಕಿದ ಸಾಕ್ಷಿ ಪೊಲೀಸರ ಮುಂದೆ, ಆಮೇಲೆ ನ್ಯಾಯಾಧೀಶರ ಮುಂದೆ ಬಂದು ಹೇಳಲೇಬೇಕು. ಅಂದರೆ ತಿರುಗಿ ನಾವು ಬಂದು ನಿಲ್ಲುವುದು ಅದೇ ಠಾಣೆಯ ಬಾಗಿಲಿಗೆ.

ಅಮೆರಿಕದಲ್ಲಿಯೂ ಸಂಗತಿ ಬಹಳ ಬೇರೆಯಿಲ್ಲ. ಫಿಲಡೆಲ್ಫಿಯಾ ನಗರದಲ್ಲಿ 1990ರಲ್ಲಿ 'ವಿಡಾಕ್ ಸೊಸೈಟಿ' ಎಂಬ ಸಂಘ ಹುಟ್ಟಿತು. ಪತ್ತೆಯಾಗದ ಹಳೆಯ ಕೊಲೆಗಳನ್ನು ಕೂತು ಪರಿಶೀಲಿಸುವುದು ಅದರ ಕೆಲಸ. ಅನುಭವವುಳ್ಳ ಪೊಲೀಸರು, ವೈದ್ಯರು, ವಿಜ್ಞಾನಿಗಳು ಅದರಲ್ಲಿದ್ದಾರೆ. ಅವರು ಹಣ ಪಡೆಯುವುದಿಲ್ಲ. ಪ್ರಕರಣವನ್ನು ಅವರ ಮುಂದೆ ಇಡುವವರು ಆ ಊರಿನ ಪೊಲೀಸರೇ. ಪೊಲೀಸರನ್ನು ಬಿಟ್ಟು ಅವರೂ ಮುಂದೆ ಹೋಗುವುದಿಲ್ಲ. ಟಿ.ವಿ.ಯ ಕಥೆ ಈ ಭಾಗವನ್ನು ತೋರಿಸುವುದಿಲ್ಲ.

ಬಾಗಿಲು ತೆರೆಸಿದವರು ಯಾರು?

ಹಾಗಾದರೆ ನಮ್ಮ ನಾಡಿನಲ್ಲಿ ಮುಚ್ಚಿದ ಕಡತ ಬಿಚ್ಚಿಸಿದವರು ಯಾರು? ಇತಿಹಾಸ ನೋಡಿದರೆ ಅಲ್ಲಿ ಕಾಣುವುದು ತಾಯಂದಿರು, ತಂದೆಯರು, ಮಕ್ಕಳು, ಹೆಂಡಂದಿರು ಮತ್ತು ಮಹಿಳಾ ಸಂಘಟನೆಗಳು.

ಬೆಂಗಳೂರಿನ 'ವಿಮೋಚನಾ' ಸಂಘಟನೆಯ ಕೆಲಸವನ್ನು ಮೊದಲು ಹೇಳಬೇಕು. 1990ರ ದಶಕದ ಕೊನೆಯಲ್ಲಿ ಅದರ ಕಾರ್ಯಕರ್ತೆಯರು ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯಗಳ ವಾರ್ಡಿಗೆ ಹೋಗತೊಡಗಿದರು. ಸಾಯುತ್ತಿದ್ದ ಹೆಣ್ಣುಮಕ್ಕಳ ಪಕ್ಕ ಕೂತರು, ತವರಿನವರನ್ನು ಮಾತಾಡಿಸಿದರು, ಪೊಲೀಸ್ ದಾಖಲೆಗಳನ್ನು ಲೆಕ್ಕ ಹಾಕಿದರು. ಬೆಂಗಳೂರು ಒಂದೇ ನಗರದಲ್ಲಿ 1997ರಲ್ಲಿ 1,133, 1998ರಲ್ಲಿ 1,248 ಹೆಂಗಸರ ಅಸ್ವಾಭಾವಿಕ ಸಾವುಗಳಾಗಿದ್ದವು. ಇವುಗಳಲ್ಲಿ ದೊಡ್ಡ ಪಾಲು 'ಅಡುಗೆಮನೆಯ ಆಕಸ್ಮಿಕ', 'ಸ್ಟೋವ್ ಸ್ಫೋಟ' ಎಂದು ಮುಚ್ಚಿಹೋಗಿದ್ದವು. ಗಂಡನ ಮನೆಯವರು ಮಂಚದ ಪಕ್ಕದಲ್ಲೇ ನಿಂತಿರುವಾಗ, ಮಗುವನ್ನು ಅವರ ಕೈಯಲ್ಲಿ ಬಿಟ್ಟು ಬಂದಿರುವಾಗ, ಆ ಹುಡುಗಿ 'ನಾನೇ ಸುಟ್ಟುಕೊಂಡೆ' ಎನ್ನದೆ ಇನ್ನೇನು ಹೇಳುತ್ತಾಳೆ? ಈ ಮಾತನ್ನು ಊರಿಗೆಲ್ಲ ಕೇಳುವಂತೆ ಹೇಳಿದವರು ಆ ಹೆಂಗಸರು. ಅವರಲ್ಲಿ ಯಾರೂ ಪತ್ತೇದಾರರಲ್ಲ. ಅವರ ಕೈಯಲ್ಲಿದ್ದದ್ದು ಒಂದು ನೋಟುಬುಕ್ಕು, ಒಂದು ಪೆನ್ನು ಮತ್ತು ದಿನಾ ಹೋಗುವ ಹಠ.

ದೆಹಲಿಯ ಸತ್ಯರಾಣಿ ಚಡ್ಡಾ ಅವರ ಹೆಸರನ್ನು ನೀವು ಕೇಳಿರಬಹುದು. 1979ರಲ್ಲಿ ಅವರ ಬಸುರಿ ಮಗಳು ಗಂಡನ ಮನೆಯಲ್ಲಿ ಸುಟ್ಟು ಸತ್ತಳು. ಅದಕ್ಕೆ ಮುಂಚೆ ಸ್ಕೂಟರಿನ ಬೇಡಿಕೆ ಇತ್ತು. ಆಗ ವರದಕ್ಷಿಣೆ ಸಾವಿಗೆ ಪ್ರತ್ಯೇಕ ಕಲಮೇ ಇರಲಿಲ್ಲ. ಸತ್ಯರಾಣಿ ಬೀದಿಗಿಳಿದರು. ಅದೇ ರೀತಿ ಮಗಳನ್ನು ಕಳೆದುಕೊಂಡ ಶಹಜಹಾನ್ ಆಪಾ ಜೊತೆಯಾದರು. ಹಿಂದೂ ತಾಯಿ, ಮುಸ್ಲಿಂ ತಾಯಿ ಕೂಡಿ 1987ರಲ್ಲಿ 'ಶಕ್ತಿ ಶಾಲಿನಿ' ಎಂಬ ಆಶ್ರಯ ಕಟ್ಟಿದರು. ಇಂಥವರ ಹೋರಾಟದ ಒತ್ತಡದಿಂದಲೇ 1983ರಲ್ಲಿ 498-ಎ ಕಲಮು, 1986ರಲ್ಲಿ 304-ಬಿ ಕಲಮು ಬಂದವು. ಸತ್ಯರಾಣಿಯವರ ಅಳಿಯನ ಅಪರಾಧ ಕೆಳಗಿನ ಕೋರ್ಟಿನಲ್ಲಿ ಸಾಬೀತಾದದ್ದು 2000ದಲ್ಲಿ. ಹೈಕೋರ್ಟು ಅದನ್ನು ಎತ್ತಿಹಿಡಿದದ್ದು 2013ರಲ್ಲಿ. ಮೂವತ್ತನಾಲ್ಕು ವರ್ಷ! ಮರುವರ್ಷ ಅವರು ತೀರಿಕೊಂಡರು. ಅಳಿಯ ಜೈಲಿಗೆ ಹೋದದ್ದನ್ನು ಅವರು ಕಣ್ಣಾರೆ ಕಾಣಲಿಲ್ಲ. ಆದರೆ ಅವರು ಎಬ್ಬಿಸಿದ ಕಾನೂನಿನಿಂದ ಎಷ್ಟೋ ತಾಯಂದಿರಿಗೆ ದಾರಿಯಾಯಿತು.

ನಮ್ಮ ರಾಜಧಾನಿಯಲ್ಲೇ ನಡೆದ ಇನ್ನೊಂದು ಪ್ರಕರಣವಿದೆ. ದಿವಾನ್ ಸರ್ ಮಿರ್ಜಾ ಇಸ್ಮಾಯಿಲ್ ಅವರ ಮೊಮ್ಮಗಳು ಶಾಕಿರಾ ಖಲೀಲಿ 1991ರಲ್ಲಿ ಕಾಣೆಯಾದರು. ಎರಡನೇ ಗಂಡ, ಸ್ವಾಮಿ ಶ್ರದ್ಧಾನಂದ ಎಂದು ಕರೆದುಕೊಳ್ಳುತ್ತಿದ್ದವನು, ಇಂದು ಅಲ್ಲಿದ್ದಾಳೆ, ನಾಳೆ ಇಲ್ಲಿದ್ದಾಳೆ ಎಂದು ಹೇಳುತ್ತಾ ಅವರ ಆಸ್ತಿ ಮಾರುತ್ತಿದ್ದ. ಮಗಳು ನಂಬಲಿಲ್ಲ. ತಾಯಿ ಎಲ್ಲಿ ಎಂದು ಕೇಳುತ್ತಲೇ ಹೋದಳು, 1992ರಲ್ಲಿ ಪೊಲೀಸರಿಗೆ ದೂರು ಕೊಟ್ಟಳು. ಎರಡು ವರ್ಷದ ಮೇಲೆ, 1994ರಲ್ಲಿ, ಅವರದೇ ಮನೆಯ ಅಂಗಳವನ್ನು ಅಗೆದಾಗ ಪೆಟ್ಟಿಗೆಯೊಳಗೆ ಶವ ಸಿಕ್ಕಿತು. 2008ರಲ್ಲಿ ಸುಪ್ರೀಂ ಕೋರ್ಟು ಆತ ಸಾಯುವವರೆಗೂ ಜೈಲಿನಲ್ಲೇ ಇರಬೇಕೆಂದು ತೀರ್ಪು ಕೊಟ್ಟಿತು. ಹಣ, ವಿದ್ಯೆ, ದೊಡ್ಡ ಮನೆತನ ಎಲ್ಲ ಇದ್ದ ಹೆಣ್ಣಿನ ಗತಿ ಇದು. ಅವಳ ಕೊಲೆ ಹೊರಬರಲು ಮೂರು ವರ್ಷ ಬೇಕಾಯಿತು. ಬಂದದ್ದು ಮಗಳ ಹಠದಿಂದ.

ಹುಂಡಾದ ಪ್ರಕರಣವಲ್ಲದಿದ್ದರೂ ನಮ್ಮ ನೆರೆಯ ಸಿಂದಗಿ ತಾಲೂಕಿನ ಗುಬ್ಬೇವಾಡದಲ್ಲಿ ಹುಟ್ಟಿದ ಡಾ. ಎಂ.ಎಂ. ಕಲಬುರ್ಗಿಯವರ ಹತ್ಯೆಯನ್ನು ಇಲ್ಲಿ ನೆನೆಯಬೇಕು. 2015ರ ಆಗಸ್ಟ್ 30ರಂದು ಧಾರವಾಡದ ಮನೆಯ ಬಾಗಿಲಲ್ಲೇ ಅವರನ್ನು ಗುಂಡಿಟ್ಟು ಕೊಂದರು. ವರ್ಷಗಳು ಉರುಳಿದರೂ ತನಿಖೆ ಮುಂದೆ ಹೋಗಲಿಲ್ಲ. ಅವರ ಪತ್ನಿ ಉಮಾದೇವಿಯವರು ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. 2019ರ ಫೆಬ್ರವರಿಯಲ್ಲಿ ಕೋರ್ಟು ಈ ಪ್ರಕರಣವನ್ನು ಗೌರಿ ಲಂಕೇಶ್ ಹತ್ಯೆಯ ತನಿಖೆ ನಡೆಸುತ್ತಿದ್ದ ವಿಶೇಷ ತನಿಖಾ ತಂಡಕ್ಕೆ ಒಪ್ಪಿಸಿತು. ಆ ವರ್ಷದ ಆಗಸ್ಟಿನಲ್ಲೇ ದೋಷಾರೋಪಣ ಪಟ್ಟಿ ಸಲ್ಲಿಕೆಯಾಯಿತು. ನಿಂತ ಬಂಡಿಯನ್ನು ದೂಡಿದವರು ಒಬ್ಬ ವಿಧವೆ.

ಒಬ್ಬ ತಂದೆ ಗಳಿಸಿಕೊಟ್ಟ ಹಕ್ಕು

ಈಗ ನಮಗೆಲ್ಲ ಬಹಳ ಬೇಕಾದ ಒಂದು ತೀರ್ಪಿನ ವಿಷಯ. 1980ರಲ್ಲಿ ದೆಹಲಿಯಲ್ಲಿ ಭಗವಂತ ಸಿಂಗ್ ಎಂಬುವರ ಮಗಳು ಗಂಡನ ಮನೆಯಲ್ಲಿ ಸುಟ್ಟು ಸತ್ತಳು. ಪೊಲೀಸರ ತನಿಖೆ ಅವರಿಗೆ ಸರಿಕಾಣಲಿಲ್ಲ. ಸುಪ್ರೀಂ ಕೋರ್ಟಿಗೆ ಹೋದರು. 1985ರಲ್ಲಿ ಆ ಪ್ರಕರಣದಲ್ಲೇ ಕೋರ್ಟು ಒಂದು ನಿಯಮ ಹಾಕಿಕೊಟ್ಟಿತು. ಪೊಲೀಸರು 'ಇಲ್ಲಿ ಅಪರಾಧವೇನೂ ಕಾಣುವುದಿಲ್ಲ' ಎಂದು ವರದಿ ಕೊಟ್ಟರೆ, ಮ್ಯಾಜಿಸ್ಟ್ರೇಟರು ಅದನ್ನು ಒಪ್ಪಿ ಕಡತ ಮುಚ್ಚುವ ಮುಂಚೆ ಮೊದಲು ದೂರು ಕೊಟ್ಟವರಿಗೆ ನೋಟಿಸು ಕಳಿಸಿ ಅವರ ಮಾತು ಕೇಳಲೇಬೇಕು.

ಇದರಲ್ಲಿ ಒಂದು ಸೂಕ್ಷ್ಮವಿದೆ. ನೋಟಿಸು ಕಡ್ಡಾಯವಾಗಿ ಬರುವುದು ದೂರಿಗೆ ಸಹಿ ಅಥವಾ ಹೆಬ್ಬೆಟ್ಟು ಹಾಕಿದವರಿಗೆ. ಉಳಿದ ಬಂಧುಗಳು ತಾವಾಗಿಯೇ ಕೋರ್ಟಿಗೆ ಬಂದರೆ ಅವರ ಮಾತನ್ನೂ ಕೇಳಬೇಕು. ಆದರೆ ಅವರನ್ನು ಕರೆದು ತಿಳಿಸಲೇಬೇಕೆಂದಿಲ್ಲ. ನಮ್ಮ ಕಡೆ ಏನಾಗುತ್ತದೆ? ಸಾವಿನ ಸುದ್ದಿ ಕೇಳಿ ಅವ್ವ ಮೂರ್ಛೆ ಹೋಗಿರುತ್ತಾಳೆ, ಅಪ್ಪ ಗೋಡೆಗೊರಗಿ ಕೂತಿರುತ್ತಾನೆ. ಊರ ಹಿರಿಯರೊಬ್ಬರು ಠಾಣೆಗೆ ಹೋಗಿ ದೂರು ಬರೆಸಿ ಬರುತ್ತಾರೆ. ಕೆಲವೊಮ್ಮೆ ಗಂಡನೇ ಹೋಗಿ 'ಹೊಟ್ಟೆನೋವಿತ್ತು' ಎಂದು ಬರೆಸಿರುತ್ತಾನೆ. ಆಮೇಲೆ ಕಡತ ಮುಚ್ಚುವಾಗ ನೋಟಿಸು ಹೋಗುವುದು ಯಾರಿಗೆ? ಅವನಿಗೇ! ಆದ್ದರಿಂದ ಎಷ್ಟೇ ದುಃಖವಿರಲಿ, ತವರಿನವರ ಹೆಸರಿನಲ್ಲಿ ದೂರು ಇರಬೇಕು. ಸಂಘದ ಇಬ್ಬರು ಅಕ್ಕಂದಿರು ಅಳುವ ತಾಯಿಯನ್ನು ಹಿಡಿದುಕೊಂಡು ಠಾಣೆಗೆ ಹೋಗಬೇಕು. ದೂರಿನ ಒಂದು ಪ್ರತಿಯನ್ನು ಪುಕ್ಕಟೆ ಕೊಡುವುದು ಪೊಲೀಸರ ಕರ್ತವ್ಯ. 2024ರ ಜುಲೈ 1ರಿಂದ ಜಾರಿಯಾದ ಹೊಸ ಕಾನೂನಿನ ಪ್ರಕಾರ, ತನಿಖೆ ಎಲ್ಲಿಗೆ ಬಂತು ಎಂದು ತೊಂಬತ್ತು ದಿನದೊಳಗೆ ದೂರುದಾರರಿಗೆ ತಿಳಿಸುವುದೂ ಅವರ ಕರ್ತವ್ಯ.

ಹಳೆಯ ಕಡತ ತೆರೆಯಬಹುದೆ?

'ಹದಿನೈದು ವರ್ಷ ಆತು, ಇನ್ನೇನು ಮಾಡಕ ಬರ್ತದ?' ಎಂದು ಕೇಳುವ ತಾಯಂದಿರಿದ್ದಾರೆ. ಎಲ್ಲ ಬಾಗಿಲೂ ಮುಚ್ಚಿಲ್ಲ. ಯಾವ ಬಾಗಿಲು ಎಂದು ಗುರುತಿಸಬೇಕು ಅಷ್ಟೆ.

ಕೊಲೆಗಾಗಲಿ, ವರದಕ್ಷಿಣೆ ಸಾವಿಗಾಗಲಿ ಕಾಲಮಿತಿ ಇಲ್ಲ. ವರದಕ್ಷಿಣೆ ನಿಷೇಧ ಕಾಯ್ದೆಯ ಅಪರಾಧಗಳಿಗೂ ಇಲ್ಲ. ಆದರೆ ಗಂಡನ ಮನೆಯವರ ಕ್ರೌರ್ಯಕ್ಕೆ ಮಾತ್ರ, ಅಂದರೆ ಹಳೆಯ 498-ಎ, ಹೊಸ ಸಂಹಿತೆಯ 85ನೇ ಕಲಮಿಗೆ, ಮೂರು ವರ್ಷದ ಮಿತಿ ಇದೆ. ತಡಕ್ಕೆ ಸರಿಯಾದ ಕಾರಣ ತೋರಿಸಿದರೆ ಕೋರ್ಟು ಮನ್ನಿಸಬಹುದು.

ಸಾವು ಬರೀ 'ಅಸ್ವಾಭಾವಿಕ ಮರಣ' ಎಂದು ದಾಖಲಾಗಿ ಮುಗಿದಿದ್ದರೆ, ಹೊಸ ಸಾಕ್ಷಿ ಸಿಕ್ಕಾಗ ಹೊಸ ದೂರು ಕೊಡಬಹುದು. ಠಾಣೆಯಲ್ಲಿ ತೆಗೆದುಕೊಳ್ಳದಿದ್ದರೆ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಬರೆದು ಕಳಿಸಬೇಕು. ಅಲ್ಲಿಯೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಮುಂದೆ ಖಾಸಗಿ ದೂರು ಹಾಕಬಹುದು. ಪ್ರಕರಣಕ್ಕೆ 'ಬಿ ರಿಪೋರ್ಟ್' ಹಾಕಿದ್ದರೆ ಅದಕ್ಕೆ ತಕರಾರು ಅರ್ಜಿ ಸಲ್ಲಿಸಬಹುದು. ಹೊಸ ಸಂಗತಿ ಹೊರಬಿದ್ದರೆ ಹೆಚ್ಚಿನ ತನಿಖೆ ನಡೆಸಲು ಕಾನೂನಿನಲ್ಲಿ ಅವಕಾಶವಿದೆ. ಮುಗಿದ ಪ್ರಕರಣದ ಕಾಗದಪತ್ರಗಳನ್ನು 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಕೇಳಬಹುದು. ಹತ್ತು ರೂಪಾಯಿಯ ಅರ್ಜಿ ಮಾಡುವ ಈ ಕೆಲಸಕ್ಕೆ ಪಟ್ಟಣದ ಪತ್ತೇದಾರ ಸಾವಿರಗಟ್ಟಲೆ ಕೇಳುತ್ತಾನೆ!

ಆರೋಪಿ ಖುಲಾಸೆಯಾಗಿದ್ದರೆ? 2009ರ ತಿದ್ದುಪಡಿಯ ನಂತರ ಸತ್ತವಳ ತಂದೆ-ತಾಯಿ ತಾವೇ ಮೇಲ್ಮನವಿ ಹಾಕಬಹುದು. ನಮ್ಮ ಭಾಗಕ್ಕೆ ಕಲಬುರಗಿಯಲ್ಲೇ 2008ರಿಂದ ಹೈಕೋರ್ಟು ಕೂರುತ್ತಿದೆ, ಬೆಂಗಳೂರಿಗೆ ಹೋಗಬೇಕಾಗಿಲ್ಲ. ಆದರೆ ಇದರಲ್ಲಿ ತಡ ಮಾಡುವಂತಿಲ್ಲ. ಮೇಲ್ಮನವಿಯ ಬಾಗಿಲೂ ಮುಗಿದು ಖುಲಾಸೆ ಗಟ್ಟಿಯಾದರೆ, ಅದೇ ಅಪರಾಧಕ್ಕೆ ಅವನನ್ನು ಮತ್ತೆ ವಿಚಾರಣೆಗೆ ನಿಲ್ಲಿಸಲು ಬರುವುದಿಲ್ಲ. ಎಂತಹ ಪತ್ತೇದಾರ ಬಂದರೂ ಬರುವುದಿಲ್ಲ. ಇದನ್ನು ಮುಚ್ಚಿಟ್ಟು ಹಣ ಕೇಳುವವನು ಮೋಸಗಾರ.

ವಕೀಲರಿಗೆ ಕೊಡಲು ಹಣವಿಲ್ಲ ಎಂದು ಹಿಂದೆ ಸರಿಯಬೇಕಾಗಿಲ್ಲ. 1987ರ ಕಾನೂನು ಸೇವಾ ಪ್ರಾಧಿಕಾರ ಕಾಯ್ದೆಯ ಪ್ರಕಾರ ಯಾವ ಹೆಣ್ಣಿಗೇ ಆಗಲಿ, ಅವಳ ಆದಾಯ ಎಷ್ಟೇ ಇರಲಿ, ಪುಕ್ಕಟೆ ವಕೀಲರನ್ನು ಪಡೆಯುವ ಹಕ್ಕಿದೆ. ತಾಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬೇಕು. 2018ರಲ್ಲಿ ಯಡ್ರಾಮಿ ಬೇರೆ ತಾಲೂಕಾಯಿತು. ತಹಸೀಲ್ದಾರರ ಕಚೇರಿ ನಮ್ಮ ಹತ್ತಿರಕ್ಕೇ ಬಂತು. ಮದುವೆಯಾಗಿ ಏಳು ವರ್ಷದೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡರೆ ಅಥವಾ ಅನುಮಾನಾಸ್ಪದವಾಗಿ ಸತ್ತರೆ ಪೊಲೀಸರ ಪಂಚನಾಮೆ ಸಾಲದು, ದಂಡಾಧಿಕಾರಿಯ ವಿಚಾರಣೆ ಆಗಬೇಕು. ಸಾಮಾನ್ಯವಾಗಿ ಈ ಕೆಲಸ ತಹಸೀಲ್ದಾರರದು. ಅವರ ಮುಂದೆ ಬಾಯಿಬಿಟ್ಟು ಹೇಳುವವರು ಬೇಕು.

ನಮ್ಮ ಕಡೆ ಇನ್ನೊಂದು ಸಂಗತಿ ಉಂಟು. ಇಲ್ಲಿ ಬಹಳ ಜನಾಂಗಗಳಲ್ಲಿ ಶವ ಹೂಳುವ ಪದ್ಧತಿ ಇದೆ. ಸುಟ್ಟರೆ ಸಾಕ್ಷಿ ಬೂದಿಯಾಗುತ್ತದೆ, ಹೂತರೆ ಮಣ್ಣು ಸ್ವಲ್ಪ ಕಾಲವಾದರೂ ಕಾಯುತ್ತದೆ. ಮೂಳೆ ಮುರಿದ ಗುರುತು, ಕೆಲವು ಬಗೆಯ ವಿಷ ತಿಂಗಳುಗಳ ಮೇಲೂ ತಿಳಿಯಬಹುದು. ದಂಡಾಧಿಕಾರಿಯ ಆದೇಶದಿಂದ ಶವ ಹೊರತೆಗೆಸಿ ಪರೀಕ್ಷೆ ಮಾಡಿಸಲು ಕಾನೂನಿದೆ. ಸಮಾಧಿ ಕೆದಕಿದರೆ ಪಾಪ ಬರುತ್ತದೆ ಎನ್ನುವವರಿದ್ದಾರೆ. ಕೊಂದವರಿಗೆ ಬಾರದ ಪಾಪ ಕೇಳಿದವರಿಗೆ ಯಾಕೆ ಬರುತ್ತದೆ?

ನಡಾವಳಿ ಪುಸ್ತಕವೇ ಸಾಕ್ಷಿ

ಕೋರ್ಟಿನಲ್ಲಿ ವರದಕ್ಷಿಣೆ ಸಾವು ಸಾಬೀತಾಗಲು ನಾಲ್ಕು ಸಂಗತಿ ಬೇಕು. ಮದುವೆಯಾಗಿ ಏಳು ವರ್ಷದೊಳಗಿನ ಸಾವು. ಸಹಜವಲ್ಲದ ಸಾವು. ಗಂಡ ಅಥವಾ ಅವನ ಬಂಧುಗಳ ಕಿರುಕುಳ. ಆ ಕಿರುಕುಳ ವರದಕ್ಷಿಣೆಗಾಗಿ, ಸಾವಿಗೆ ಹತ್ತಿರದ ಕಾಲದಲ್ಲಿ ನಡೆದಿರಬೇಕು. ಇಷ್ಟು ತೋರಿಸಿದರೆ ಅವರೇ ಕಾರಣರೆಂದು ಕೋರ್ಟು ಭಾವಿಸಬೇಕು, ಅಲ್ಲವೆಂದು ತೋರಿಸುವ ಹೊಣೆ ಅವರದಾಗುತ್ತದೆ. ಮೊದಲ ಎರಡನ್ನು ತೋರಿಸುವುದು ಸುಲಭ. ಸೋಲುವುದು ಕೊನೆಯ ಎರಡರಲ್ಲಿ. ಯಾಕೆಂದರೆ ಹುಂಡಾ ಕೇಳಿದ್ದಕ್ಕೆ, ಕೊಟ್ಟಿದ್ದಕ್ಕೆ ನಮ್ಮ ಬಳಿ ಕಾಗದವೇ ಇರುವುದಿಲ್ಲ.

ಇಲ್ಲಿದೆ ಸಂಘದ ಅಕ್ಕಂದಿರ ಕೆಲಸ. ಸಂಘದಲ್ಲಿ ಒಬ್ಬಾಕೆ ಇಪ್ಪತ್ತು ಸಾವಿರ ಸಾಲ ಕೇಳುತ್ತಾಳೆ. ಅಳಿಯ ಮೋಟರ್ ಸೈಕಲ್ ಕೇಳಿದ್ದಾನೆ, ಇಲ್ಲವೆ ಎರಡು ತೊಲ ಬಂಗಾರ ಬಾಕಿ ಇದೆ. ಇದು ಎಲ್ಲರಿಗೂ ಗೊತ್ತು. ಆದರೆ ನಡಾವಳಿ ಪುಸ್ತಕದಲ್ಲಿ ಬರೆಯುವುದು 'ತೊಗರಿ ಬೀಜ-ಗೊಬ್ಬರದ ಸಲುವಾಗಿ', ಇಲ್ಲವೆ 'ಎಮ್ಮೆ ಖರೀದಿ'. ನಾಳೆ ಆ ಮಗಳಿಗೆ ಏನಾದರೂ ಆದರೆ, ನಮ್ಮ ಕೈಯಾರೆ ಬರೆದ ಪುಸ್ತಕವೇ ನಮ್ಮ ವಿರುದ್ಧ ಸಾಕ್ಷಿ ಹೇಳುತ್ತದೆ. 'ನೋಡಿ ಸ್ವಾಮಿ, ಈಕೆ ಸಾಲ ಮಾಡಿದ್ದು ಎಮ್ಮೆಗೆ' ಎಂದು ಎದುರು ವಕೀಲ ಎತ್ತಿ ತೋರಿಸುತ್ತಾನೆ.

ಆದ್ದರಿಂದ ಇದ್ದದ್ದನ್ನು ಇದ್ದ ಹಾಗೆ ಬರೆಯೋಣ. 'ಅಳಿಯನ ಬೇಡಿಕೆಯಂತೆ' ಎಂದು ತಾರೀಖು ಹಾಕಿ, ಹತ್ತು ಜನರ ಸಹಿ ಹಾಕಿಸೋಣ. ವರದಕ್ಷಿಣೆ ಕೊಡುವುದೂ ಅಪರಾಧವಲ್ಲವೆ, ನಾವೇ ಸಿಕ್ಕಿಬಿದ್ದರೆ ಎಂಬ ಅಂಜಿಕೆ ಇದೆ. ನೊಂದವರು ತಮಗಾದ ಅನ್ಯಾಯದ ಬಗ್ಗೆ ಕೊಟ್ಟ ಹೇಳಿಕೆಗಾಗಿ ಅವರ ಮೇಲೆ ಈ ಕಾಯ್ದೆಯಡಿ ಮೊಕದ್ದಮೆ ಹೂಡುವಂತಿಲ್ಲ ಎಂದು ಕಾಯ್ದೆಯ 7ನೇ ಕಲಮೇ ಹೇಳುತ್ತದೆ. ನಿಜವಾಗಿ ಹೇಳಬೇಕೆಂದರೆ, 'ಹುಂಡಾಕ್ಕೆ ಸಾಲ' ಎಂದು ಬರೆಯಬೇಕಾಗಿ ಬಂದ ದಿನ ಸಂಘದಲ್ಲಿ ಒಂದು ಚರ್ಚೆ ಏಳುತ್ತದೆ. ಆ ಸಾಲ ಕೊಡಬೇಕೆ, ಆ ಅಳಿಯನ ಮನೆಗೆ ಹತ್ತು ಜನ ಹೋಗಿ ಮಾತಾಡಬೇಕೆ ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆ ಒಂದು ಜೀವ ಉಳಿಸಿದರೂ ಉಳಿಸೀತು.

ಮಗಳು ಬರೆದ ಚೀಟಿ, ಮೊಬೈಲಿಗೆ ಕಳಿಸಿದ ಮಾತು, ಬಂಗಾರದ ಅಂಗಡಿಯ ರಸೀತಿ, ಲಗ್ನದ ಫೋಟೊ, ಹೊಡೆತ ತಿಂದು ದವಾಖಾನೆಗೆ ಹೋದ ಚೀಟಿ, ಪಂಚಾಯಿತಿ ಕೂತ ದಿನದ ಕಾಗದ, ಇವುಗಳಲ್ಲಿ ಒಂದನ್ನೂ ಒಲೆಗೆ ಹಾಕಬೇಡಿ. ಮಗಳ ಸಾವಿನ ನಂತರ ಅವಳ ಟ್ರಂಕು, ಅವಳ ಮೊಬೈಲು ಕೇಳಿ ತರಿಸಿರಿ. ಏಳು ವರ್ಷದೊಳಗೆ ಅಸಹಜವಾಗಿ ಸತ್ತವಳ ವರದಕ್ಷಿಣೆಯ ವಸ್ತುಗಳು ಅವಳ ಮಕ್ಕಳಿಗೆ, ಮಕ್ಕಳಿಲ್ಲದಿದ್ದರೆ ತಂದೆ-ತಾಯಿಗೆ ಸೇರಬೇಕೆಂದು ಕಾನೂನೇ ಹೇಳುತ್ತದೆ.

ರಾಜಿ ಎಂಬ ಎರಡನೇ ಸಾವು

ಕಡತ ಮುಚ್ಚುವವರು ಪೊಲೀಸರೊಬ್ಬರೇ ಎಂದು ಹೇಳಿದರೆ ಅದು ಅರ್ಧ ಸತ್ಯ. ಬಹಳ ಕಡತಗಳು ಮುಚ್ಚುವುದು ನಮ್ಮ ಕಟ್ಟೆಯ ಮೇಲೆ. 'ಸತ್ತಾಕಿ ತಿರುಗಿ ಬರ್ತಾಳೇನವ್ವಾ? ಇನ್ನ ಇಬ್ಬರು ಹೆಣ್ಣುಮಕ್ಕಳ ಲಗ್ನ ಆಗಬೇಕಲ್ಲ. ಕೂಸಿನ ಹೆಸರಿಗೆ ಒಂದಿಷ್ಟು ರೊಕ್ಕ ಇಡಸ್ತೀವಿ, ಬಿಟ್ಟುಬಿಡು' ಎನ್ನುತ್ತಾರೆ ಹಿರಿಯರು. ತಾಯಿ ಹೆಬ್ಬೆಟ್ಟು ಒತ್ತುತ್ತಾಳೆ. ಕೋರ್ಟಿನಲ್ಲಿ ಸಾಕ್ಷಿಗಳು 'ನಮಗೇನೂ ಗೊತ್ತಿಲ್ಲ' ಎನ್ನುತ್ತಾರೆ. ಕೊಲೆ, ವರದಕ್ಷಿಣೆ ಸಾವು ಇವು ರಾಜಿಯಾಗುವ ಅಪರಾಧಗಳಲ್ಲ. ಕಟ್ಟೆಯ ಮೇಲೆ ಬರೆದ ಆ ಕಾಗದಕ್ಕೆ ಕಾನೂನಿನ ಬೆಲೆ ಇಲ್ಲ. ಆದರೆ ಸುಳ್ಳು ನುಡಿದ ಸಾಕ್ಷಿಯಿಂದ ಖುಲಾಸೆಯಾದರೆ ಆ ಬಾಗಿಲು ಮುಚ್ಚಿದಂತೆಯೇ. ಹತ್ತು ವರ್ಷದ ಮೇಲೆ ಆ ಕೂಸು ದೊಡ್ಡದಾಗಿ 'ನಮ್ಮವ್ವ ಹೆಂಗ ಸತ್ತಳು?' ಎಂದು ಕೇಳಿದಾಗ ಅಜ್ಜಿ ಏನು ಉತ್ತರ ಕೊಡುತ್ತಾಳೆ?

ಬಡ ತಾಯಿಯನ್ನು ಬೈಯಲು ಈ ಮಾತು ಹೇಳುತ್ತಿಲ್ಲ. ಅವಳ ಹೊಟ್ಟೆ, ಅವಳ ಉಳಿದ ಮಕ್ಕಳು, ಅವಳ ಅಂಜಿಕೆ ಎಲ್ಲ ನಿಜ. ಅವಳೊಬ್ಬಳೇ ನಿಂತರೆ ಸೋಲುತ್ತಾಳೆ. ರಾಜಿ ಮಾಡಿಸಲು ಇಪ್ಪತ್ತು ಗಂಡಸರು ಕೂಡುವಾಗ, ಅವಳ ಬೆನ್ನಿಗೆ ಇಪ್ಪತ್ತು ಹೆಂಗಸರು ಯಾಕೆ ಕೂಡಬಾರದು?

ಇನ್ನೊಂದು ಕಹಿ ಮಾತನ್ನೂ ಹೇಳಬೇಕು. ಸತ್ಯ ಹುಡುಕಲು ಹೊರಟವರು ಯಾವ ಸತ್ಯ ಸಿಕ್ಕರೂ ತಡೆದುಕೊಳ್ಳಬೇಕು. ಎಲ್ಲ ಸಾವೂ ಕೊಲೆಯಲ್ಲ. ಕೆಲವು ನಿಜವಾಗಿ ಆಕಸ್ಮಿಕ. ಕೆಲವು ಆತ್ಮಹತ್ಯೆ, ಅದರ ಹಿಂದೆ ಕಿರುಕುಳವಿದ್ದರೆ ಅದಕ್ಕೂ ಕಾನೂನಿದೆ. ಕೆಲವು ಸಲ ಮಗಳು ಮೂರು ಬಾರಿ ತವರಿಗೆ ಓಡಿಬಂದಿರುತ್ತಾಳೆ, ತವರಿನವರೇ 'ಹೊಂದಿಕೊಂಡು ಹೋಗು' ಎಂದು ತಿರುಗಿ ಕಳಿಸಿರುತ್ತಾರೆ. ಆ ಸತ್ಯವೂ ಕಡತದೊಳಗಿರುತ್ತದೆ. ಸಿಟ್ಟಿನಲ್ಲಿ ಊರಲ್ಲೇ ಇರದ ನಾದಿನಿ, ಭಾವ, ಮುದಿ ಅಜ್ಜ ಎಲ್ಲರ ಹೆಸರನ್ನೂ ದೂರಿನಲ್ಲಿ ತುಂಬಿಸಿದರೆ ನಿಜವಾದ ಅಪರಾಧಿಗೂ ಅನುಕೂಲವಾಗುತ್ತದೆ. ಹಣಕ್ಕೆ ಬಂದ ಪತ್ತೇದಾರ ನಮಗೆ ಬೇಕಾದ ಸತ್ಯವನ್ನೇ ಹೇಳುವ ಅಪಾಯವಿದೆ. ಯಾಕೆಂದರೆ ಅವನ ಕೂಲಿ ನಮ್ಮ ಕೈಯಲ್ಲಿದೆ. ನ್ಯಾಯಕ್ಕೆ ಬೇಕಾದದ್ದು ನಡೆದ ಸತ್ಯ.

2022ರಲ್ಲಿ ನಮ್ಮ ದೇಶದಲ್ಲಿ ವರದಕ್ಷಿಣೆ ಸಾವೆಂದು ದಾಖಲಾದ ಪ್ರಕರಣಗಳೇ 6,400ಕ್ಕ್ಕಿಂತ ಹೆಚ್ಚು. ಹೊಟ್ಟೆನೋವಿನ ಲೆಕ್ಕ ಇದರಲ್ಲಿ ಸೇರಿಲ್ಲ. ಇಷ್ಟು ಮನೆಗಳಿಗೆ ಯಾವ ಪತ್ತೇದಾರ ಬರುತ್ತಾನೆ? ಬರಬೇಕಾದವರು ಪೊಲೀಸರು. ಅದು ಅವರ ಕೆಲಸ, ಅದಕ್ಕಾಗಿಯೇ ಅವರಿಗೆ ನಮ್ಮ ತೆರಿಗೆಯ ಸಂಬಳ. ಸರಕಾರ ಪ್ರತಿ ಜಿಲ್ಲೆಯಲ್ಲೂ ಏಳು ವರ್ಷದೊಳಗಿನ ಹೆಣ್ಣುಮಕ್ಕಳ ಸಾವಿನ ಮುಚ್ಚಿದ ಕಡತಗಳನ್ನು ಮರುಪರಿಶೀಲಿಸಲು ಒಂದು ಸಮಿತಿ ಮಾಡಲಿ, ಅದರಲ್ಲಿ ಮಹಿಳಾ ಸಂಘಟನೆಯವರು, ವೈದ್ಯರು, ವಕೀಲರು ಇರಲಿ ಎಂದು ನಾವು ಕೇಳಬೇಕು. ಬಡವರ ದುಃಖವನ್ನು ಖಾಸಗಿ ವ್ಯಾಪಾರಕ್ಕೆ ಬಿಟ್ಟುಕೊಡಬಾರದು.

ಅಕ್ಕ-ತಂಗಿಯರೇ, ಮುಂದಿನ ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಮುಗಿದ ಮೇಲೆ ಅರ್ಧ ತಾಸು ಕೂಡಿರಿ. ನಿಮ್ಮ ಓಣಿಯಲ್ಲಿ ಹೀಗೆ ಸತ್ತ ಹೆಣ್ಣುಮಕ್ಕಳ ಹೆಸರು ಬರೆಯಿರಿ. ಯಾವ ವರ್ಷ, ಲಗ್ನವಾಗಿ ಎಷ್ಟು ವರ್ಷ, ದೂರು ಕೊಟ್ಟವರು ಯಾರು, ಕಡತ ಎಲ್ಲಿಗೆ ಬಂತು ಎಂದು ಬರೆಯಿರಿ. ಗೊತ್ತಿಲ್ಲದ ಕಡೆ ಖಾಲಿ ಬಿಡಿರಿ, ಆಮೇಲೆ ಕೇಳಿ ತುಂಬಿರಿ. ಜೊತೆಗೆ ಇವತ್ತು ಯಾವ ಮನೆಯ ಸೊಸೆಯ ಕೂಗು ಗೋಡೆಯಾಚೆ ಕೇಳುತ್ತಿದೆಯೋ ಆ ಮನೆಗೆ ಇವತ್ತೇ ಹೋಗಿರಿ. 181 ಅಥವಾ 112ಕ್ಕೆ ಫೋನ್ ಮಾಡಿರಿ. ಅವಳ ಹೆಸರು ಆ ಪಟ್ಟಿಗೆ ಸೇರದಿರಲಿ.